ತೆರೆಯದ ಪುಸ್ತಕಕ್ಕೆ ಐದು ನಕ್ಷತ್ರ

ಆ ಪ್ರಕಾಶಕನಿಗೆ ಅಚ್ಚಿನ ಮನೆಯವರು, ಬೈಂಡರು, ಕಾಗದದ ವ್ಯಾಪಾರಿ ಎಲ್ಲರೂ ಸೇರಿ ಇಟ್ಟ ಹೆಸರು 'ಎರಡನೇ ಪ್ರೂಫು'. ಯಾವುದನ್ನೂ ಮೊದಲ ಸಲಕ್ಕೇ ಒಪ್ಪಿದ ಮನುಷ್ಯನಲ್ಲ ಅವನು. ಮುಖಪುಟ ಕೆಂಪಗಿದ್ದರೆ ನೀಲಿಯಾದರೆ ಹೇಗೆ ಅನ್ನುವನು, ನೀಲಿ ಮಾಡಿ ತಂದರೆ ಮೊದಲಿನದೇ ವಾಸಿಯಿತ್ತೇನೋ ಎಂದು ತಲೆ ಕೆರೆದುಕೊಳ್ಳುವನು. ಕೊನೆಯ ಪ್ರೂಫಿನ ಮೇಲೆ 'ಅಚ್ಚಿಗೆ ಹೋಗಲಿ' ಎಂದು ಬರೆದು ರುಜು ಹಾಕುವುದು ಯಾವ ಪ್ರಕಾಶಕನಿಗೂ ಅರೆಗಳಿಗೆಯ ಕೆಲಸ. ಇವನಿಗೆ ಅದೊಂದು ದೊಡ್ಡ ತಲೆನೋವು. ಸಂಸ್ಥೆ ಕಟ್ಟಿದವನು ಅವನ ಅಣ್ಣ. ಅಣ್ಣ ತೀರಿಕೊಂಡ ಮೇಲೆ ಬೇಡವೆನ್ನಲಾಗದೆ, ಬೇಕೆನ್ನಲೂ ಆಗದೆ ಇವನು ಆ ಕುರ್ಚಿಯಲ್ಲಿ ಕೂತಿದ್ದ.

ಹಿಂದುಮುಂದು ನೋಡದೆ ಅವನು ಮಾಡುತ್ತಿದ್ದ ಕೆಲಸ ಒಂದೇ, ಪಾರ್ಸೆಲ್ ಕಟ್ಟುವುದು. ಅಣ್ಣನ ಕಾಲದಲ್ಲಿ ಅವನಿಗೆ ವಹಿಸಿದ್ದ ಕೆಲಸವೇ ಅದು. ಒಳಕೋಣೆಯಲ್ಲಿ ಉದ್ದನೆಯ ಮೇಜಿನ ಮುಂದೆ ನಿಂತು, ಕಂದು ಕಾಗದದ ಮೂಲೆ ಮಡಿಸಿ, ಹುರಿ ಎಳೆದು ಗಂಟು ಹಾಕಿದನೆಂದರೆ ಆ ಕಟ್ಟು ಊರೂರು ತಿರುಗಿ ಬಂದರೂ ಸಡಿಲಾಗುತ್ತಿರಲಿಲ್ಲ. ಆ ಕೋಣೆಗೆ ಅಣ್ಣ ಮಾಡಿಟ್ಟ ಒಂದು ಕಟ್ಟಪ್ಪಣೆಯಿತ್ತು. ಹೊರಗೆ ಹೋಗುವ ಪುಸ್ತಕವನ್ನು ಕಟ್ಟುವವನು ತೆರೆಯಕೂಡದು. ತೆರೆದರೆ ಬೆನ್ನು ಬಿರಿಯುತ್ತದೆ, ಕೊಂಡವರಿಗೆ ಯಾರೋ ಓದಿ ಬಿಟ್ಟದ್ದನ್ನು ಕೊಟ್ಟ ಹಾಗಾಗುತ್ತದೆ. ಅಣ್ಣ ಹೋಗಿ ವರ್ಷಗಳಾದರೂ ತಮ್ಮ ಆ ಮಾತನ್ನು ಮೀರಿರಲಿಲ್ಲ.

ಅಣ್ಣನ ಮೇಜಿನ ಎದುರಿಗೆ ಇನ್ನೊಂದು ಕುರ್ಚಿ ಇತ್ತು. ಅದು ಅತ್ತಿಗೆಯದು. ಸಂಸ್ಥೆಯ ಪ್ರತಿಯೊಂದು ಪುಸ್ತಕದ ಪ್ರೂಫನ್ನೂ ಅಲ್ಲೇ ಕೂತು ಕಣ್ಣಲ್ಲಿ ಕಣ್ಣಿಟ್ಟು ತಿದ್ದಿದವರು ಅವರು. ಆದರೆ ಯಾವ ಪುಸ್ತಕದ ಯಾವ ಪುಟದಲ್ಲೂ ಅವರ ಹೆಸರಿಲ್ಲ. ಎಪ್ಪತ್ತು ದಾಟಿದ ಮೇಲೆ ಒಂದು ದಿನ ಹಸ್ತಪ್ರತಿಯೊಂದನ್ನು ತಂದು ಮೈದುನನ ಮುಂದಿಟ್ಟರು.

"ಇದು ನಾನು ಬರ್ದಿದ್ದು," ಎಂದರು. "ಓದಿ ಜನ ಏನಂತಾರೆ ಅಂತ ಒಂದ್ಸಲ ಕೇಳ್ಬೇಕು ನಂಗೆ. ಅಷ್ಟೇ ಆಸೆ."

ಪುಸ್ತಕದ ಹೆಸರು 'ಎದುರಿನ ಕುರ್ಚಿ'. ಗಂಡನ ಜೊತೆ ಬಾಳಿದ ಕಥೆ. ಎಲ್ಲವನ್ನೂ ಎರಡೆರಡು ಸಲ ಓದುವ ನಮ್ಮ ಪ್ರಕಾಶಕ ಇದನ್ನು ಮಾತ್ರ ಒಂದು ಸಲವೂ ಓದಲಿಲ್ಲ. ಮೊದಲ ಹಾಳೆ ಎತ್ತಿದ, 'ನನ್ನ ಗಂಡ' ಎಂಬ ಮಾತು ಕಣ್ಣಿಗೆ ಬಿತ್ತು, ಹಾಳೆ ಕೆಳಗಿಟ್ಟ. ಅಣ್ಣನ ಬಗ್ಗೆ ಅತ್ತಿಗೆ ಏನು ಬರೆದಿರಬಹುದೆಂದು ನೆನೆದರೇ ಅವನಿಗೆ ಅಳುಕು. ಅತ್ತಿಗೆಗಿಂತ ಚೆನ್ನಾಗಿ ಪ್ರೂಫ್ ನೋಡುವವರು ಯಾರಿದ್ದಾರೆ, ಅವರೇ ನೋಡಿಕೊಳ್ಳಲಿ ಎಂದು ತನಗೆ ತಾನೇ ಸಬೂಬು ಹೇಳಿಕೊಂಡು ಅಕ್ಷರ ಜೋಡಣೆಗೆ ಕಳಿಸಿಬಿಟ್ಟ.

ಪ್ರಚಾರವನ್ನು ಪ್ರಕಾಶಕನ ಮಗಳು ವಹಿಸಿಕೊಂಡಳು. ಜಾಹೀರಾತು ಕಂಪನಿಯೊಂದರಲ್ಲಿ ಪಳಗಿ ಬಂದವಳು, ಮಾತಿಗೆ ಮೊದಲು ಫೋನು ಎತ್ತುವವಳು. ಅಪ್ಪನಿಗೆ ಗೊತ್ತಿದ್ದ ಪ್ರಚಾರವೆಂದರೆ ಪತ್ರಿಕೆಗೆ ಎರಡು ಪ್ರತಿ ಕಳಿಸುವುದು, ವಿಮರ್ಶಕರಿಗೆ ಒಂದು ಕಳಿಸುವುದು, ಆಮೇಲೆ ಬಾಯಿ ಮುಚ್ಚಿಕೊಂಡು ಕಾಯುವುದು. ಅದೆಲ್ಲ ಹಳೇ ಕಾಲದ ಮಾತು ಎಂದು ಮಗಳು ಬಿಡಿಸಿ ಹೇಳಿದಳು. ಈಗ ಪುಸ್ತಕ ಹುಟ್ಟುವ ಮೊದಲೇ ಅದರ ಫೋಟೋ ಹುಟ್ಟಬೇಕು. ಮುಖಪುಟವನ್ನು ಒಂದೇ ಸಲಕ್ಕೆ ತೋರಿಸಬಾರದು, ಮೂಲೆ ಮೂಲೆಯಾಗಿ ತೋರಿಸಬೇಕು. ಟ್ರೈಲರ್ ಬಿಡಬೇಕು. ಇಷ್ಟೆಲ್ಲ ಮಾಡಿದರೂ ಅಲ್ಗಾರಿದಮ್ಮಿಗೆ ಮನಸ್ಸು ಬಂದರೆ ಮಾತ್ರ ನಾಲ್ಕು ಜನ ನೋಡುತ್ತಾರೆ.

ಅಪ್ಪ ಎಲ್ಲಕ್ಕೂ ತಲೆಯಾಡಿಸಿದ. ಕೊನೆಗೆ, ಆ ಅಲ್ಗಾರಿದಮ್ ಅನ್ನುವವರಿಗೂ ಒಂದು ಗೌರವ ಪ್ರತಿ ಕಳಿಸಿದರೆ ಹೇಗೆ ಎಂದು ಕೇಳಿದ. ಮಗಳು ಅವನ ಮುಖವನ್ನೇ ನೋಡಿದಳು, ನಗಲೋ ಅಳಲೋ ತೋಚದೆ ಎದ್ದು ಹೋದಳು.

ಮುಖಪುಟವನ್ನು ಅವಳೇ ಮಾಡಿಸಿದಳು. ಬಿಸಿಲು ಬಿದ್ದ ಗೋಡೆ, ಅದಕ್ಕೆ ಒತ್ತಿಕೊಂಡಂತೆ ಪಕ್ಕಪಕ್ಕದಲ್ಲಿ ಎರಡು ಕುರ್ಚಿ. ಹೆಸರು ಎದುರಿನ ಕುರ್ಚಿಯಲ್ಲವೇ ಎಂದು ಅಪ್ಪ ಕೇಳಿದ್ದಕ್ಕೆ, ಎದುರುಬದುರು ಇಟ್ಟರೆ ಚೌಕದ ಫೋಟೋದಲ್ಲಿ ಚೆನ್ನಾಗಿ ಕೂರುವುದಿಲ್ಲ ಎಂದಳು. ಬೆನ್ನುಡಿಯನ್ನೂ ಅವಳೇ ಬರೆದಳು: ಒಂದು ಮೇಜಿನ ಸುತ್ತ ಅರಳಿದ ಸುದೀರ್ಘ ದಾಂಪತ್ಯದ ಆಪ್ತ ಕಥನ. ಅವಳು ಓದಿದ್ದು ಮೊದಲ ಅಧ್ಯಾಯ. ಹೊಸ ಮದುವೆಯ ದಿನಗಳೆಲ್ಲ ಅದರಲ್ಲೇ ಇದ್ದುದರಿಂದ ಬೆನ್ನುಡಿಗೆ ಅಷ್ಟು ಸಾಕಾಯಿತು.

ದೊಡ್ಡ ಮುದ್ರಣಕ್ಕೆ ಕಾಗದ ಬರುವುದು ತಡವಾಯಿತು. ಪುಸ್ತಕ ಎಷ್ಟು ದಪ್ಪ ಬರುತ್ತದೆಂದು ನೋಡಲು ಬೈಂಡರು ಮೊದಲೇ ಒಂದು ಡಮ್ಮಿ ಕಟ್ಟಿಕೊಡುವುದು ವಾಡಿಕೆ. ಅಷ್ಟೇ ಪುಟ, ಅದೇ ಮುಖಪುಟ, ಒಳಗೆ ಮಾತ್ರ ಒಂದಕ್ಷರವಿಲ್ಲದ ಬಿಳಿ ಹಾಳೆ. ಈ ಸಲ ಮಗಳು ಫೋಟೋ ತೆಗೆಯಲು ರಾಶಿ ಬೇಕೆಂದು ಒಂದಷ್ಟು ಡಮ್ಮಿ ಕಟ್ಟಿಸಿದಳು. ಒಳಕೋಣೆಯ ಕಿಟಕಿಯ ಬಳಿ ಮೇಜಿನ ಮೇಲೆ ಪೇರಿಸಿ, ಬೀಳಿಸಿ, ಮತ್ತೆ ಪೇರಿಸಿ ಫೋಟೋ ತೆಗೆದುಕೊಂಡಳು. ಅದೇ ವಾರ ಸಣ್ಣ ಯಂತ್ರದಲ್ಲಿ ಅಚ್ಚಾದ ಕೆಲವು ನಿಜವಾದ ಪ್ರತಿಗಳೂ ಬಂದವು. ಅವನ್ನು ಬೀರುವಿನಲ್ಲಿಟ್ಟಳು. ಜಾಲತಾಣದಲ್ಲಿ ಪುಸ್ತಕಗಳ ಬಗ್ಗೆ ಮಾತಾಡಿ ಹೆಸರು ಮಾಡಿದವರಿಗೆ ಅವನ್ನು ಮುಂಚಿತವಾಗಿ ಕಳಿಸಬೇಕಿತ್ತು. ವಿಳಾಸದ ಚೀಟಿಗಳನ್ನು ಪಾರ್ಸೆಲ್ ಮೇಜಿನ ಮೇಲಿಟ್ಟು, ಬಂದ ಮೇಲೆ ಕಟ್ಟೋಣವೆಂದು ಹೇಳಿ ಹೊರಗೆ ಹೋದಳು.

ಮೇಜಿನ ಮೇಲೆ ಚೀಟಿಗಳಿದ್ದವು. ಪಕ್ಕದಲ್ಲೇ ಪುಸ್ತಕದ ರಾಶಿಯಿತ್ತು. ಈ ಇಂಟರ್ನೆಟ್ಟಿನ ಪ್ರಚಾರದಲ್ಲಿ ತನಗೂ ತಿಳಿಯುವ ಕೆಲಸವೊಂದು ಕೊನೆಗೂ ಸಿಕ್ಕಿತೆಂದು ಪ್ರಕಾಶಕನ ಕೈ ತುರಿಸಿತು. ತೋಳು ಮಡಿಸಿ ನಿಂತವನು ಒಂದೊಂದನ್ನೇ ಕಟ್ಟಿದ, ಗಂಟು ಹಾಕಿದ, ಚೀಟಿ ಅಂಟಿಸಿದ, ಕೊರಿಯರ್‌ನವನ ಕೈಗೆ ಕೊಟ್ಟ. ಒಂದನ್ನೂ ತೆರೆಯಲಿಲ್ಲ. ಅಣ್ಣನ ಕಟ್ಟಪ್ಪಣೆ. ಮಗಳು ಸಂಜೆ ಬಂದು ನೋಡಿದರೆ ಚೀಟಿಗಳೂ ಇಲ್ಲ, ರಾಶಿಯೂ ಇಲ್ಲ. ಅಪ್ಪ ಬೀರುವಿನ ಪ್ರತಿಗಳನ್ನೇ ಕಳಿಸಿದ್ದಾನೆ, ಡಮ್ಮಿಗಳನ್ನು ಬೈಂಡರು ಒಯ್ದಿರಬೇಕು ಎಂದುಕೊಂಡು, ಅಪ್ಪನ ಬೆನ್ನು ತಟ್ಟಿ ಒಳಗೆ ಹೋದಳು.

ವಾರ ಕಳೆಯುವುದರೊಳಗೆ ಹೊಗಳಿಕೆ ಶುರುವಾಯಿತು. ಒಬ್ಬಾಕೆ ಪುಸ್ತಕವನ್ನು ಕಾಫಿ ಲೋಟದ ಪಕ್ಕದಲ್ಲಿಟ್ಟು ಐದು ನಕ್ಷತ್ರ ಕೊಟ್ಟಿದ್ದಳು. ಇನ್ನೊಬ್ಬ ಅದನ್ನು ಎದೆಗವಚಿಕೊಂಡು, ಒಂದೇ ಪಟ್ಟಿಗೆ ಓದಿ ಮುಗಿಸಿದೆ, ಇಂಥ ಗಂಡಹೆಂಡಿರು ಈಗೆಲ್ಲಿ ಸಿಗುತ್ತಾರೆ ಎಂದು ಕಣ್ಣು ಒರೆಸಿಕೊಂಡಿದ್ದ. ಪಕ್ಕಪಕ್ಕದ ಕುರ್ಚಿಗಳಂತೆ ಬಾಳಿದ ಜೋಡಿ ಎಂದು ಮತ್ತೊಬ್ಬಳು. ಗಂಭೀರ ಮುಖದ ಕನ್ನಡಕದವನೊಬ್ಬ ಮಾತ್ರ ಬೇರೆ ರಾಗ ಹಾಡಿದ್ದ. ಮೌನವೇ ಈ ಪುಸ್ತಕದ ಭಾಷೆ, ಇಷ್ಟು ಪುಟಗಳಲ್ಲಿ ಲೇಖಕಿ ಒಂದು ಮಾತೂ ಆಡದೆ ಎಲ್ಲವನ್ನೂ ಹೇಳಿದ್ದಾರೆ ಎಂದಿದ್ದ. ಅದನ್ನು ಕೇಳಿ ಉಳಿದವರೂ ಹೌದು ಹೌದು, ಆ ಮೌನ ನಮ್ಮನ್ನೂ ಕಾಡಿತು ಎಂದು ಸೇರಿಕೊಂಡರು. ಮುಂಗಡ ಬೇಡಿಕೆ ಏರುತ್ತಲೇ ಹೋಯಿತು. ಮಗಳ ಕಾಲು ನೆಲದ ಮೇಲಿರಲಿಲ್ಲ.

ಪ್ರಕಾಶಕನಿಗೆ ತಲೆಬುಡ ತಿಳಿಯಲಿಲ್ಲ. ಅಣ್ಣ ಅತ್ತಿಗೆಯನ್ನು ಅವನು ಹತ್ತಿರದಿಂದ ಕಂಡವನು. ಒಳಕೋಣೆಗೂ ಅಣ್ಣನ ಕೋಣೆಗೂ ನಡುವೆ ಇದ್ದದ್ದು ಹಲಗೆಯ ಗೋಡೆ. ಇವರೆಲ್ಲ ಹೇಳುತ್ತಿರುವುದು ಯಾರ ಸಂಸಾರದ ಕಥೆ ಎಂದು ಅವನಿಗೆ ಅನುಮಾನ ಬಂತು. ಆಮೇಲೆ, ಅತ್ತಿಗೆ ಎಲ್ಲವನ್ನೂ ಮರೆತು ಒಳ್ಳೆಯದನ್ನಷ್ಟೇ ಬರೆದಿರಬೇಕು ಎಂದುಕೊಂಡ. ಅಷ್ಟು ಅಂದುಕೊಂಡದ್ದೇ ತಡ, ಎದೆಯ ಮೇಲಿನ ಭಾರ ಇಳಿದಂತಾಯಿತು. ಯಾಕೆ ಇಳಿಯಿತೆಂದು ಅವನು ತನ್ನನ್ನು ತಾನು ಕೇಳಿಕೊಳ್ಳಲಿಲ್ಲ.

ಅತ್ತಿಗೆಯೇ ಕಚೇರಿಗೆ ಬಂದರು. ಸಂತೋಷದಿಂದ ಬರುತ್ತಾರೆಂದು ಎದ್ದು ನಿಂತವನಿಗೆ ಅವರ ಮುಖ ನೋಡಿ ಗಾಬರಿಯಾಯಿತು. ಹಳೆಯ ಅಭ್ಯಾಸದಂತೆ ಎದುರಿನ ಕುರ್ಚಿಯಲ್ಲೇ ಕೂತು ಫೋನನ್ನು ಮೇಜಿನ ಮೇಲಿಟ್ಟರು.

"ಇವ್ರೆಲ್ಲಾ ನನ್ನ ಪುಸ್ತಕಾನೇ ಓದಿದ್ದಾರಾ?" ಎಂದು ಕೇಳಿದರು.

ಓದಿದ್ದಾರೆ, ತಾನೇ ಕೈಯಾರೆ ಕಳಿಸಿದೆ ಎಂದ.

"ನಾನು ಬರ್ದಿದ್ದು ಇದಲ್ಲವಲ್ಲಪ್ಪಾ. ಒಬ್ರು ತಪ್ಪು ತಿಳ್ಕೊಂಡ್ರೆ ಅವ್ರ ತಪ್ಪು ಅನ್ನಬಹುದು. ಎಲ್ರೂ ಒಂದೇ ಮಾತು ಹೇಳ್ತಿದ್ದಾರೆ. ಬಾಯಿಬಿಟ್ಟು ಹೇಳ್ಬೇಕು ಅಂತ್ಲೇ ಬರ್ದೆ, ಮೌನ ಚೆನ್ನಾಗಿದೆ ಅಂತಾರೆ."

ಏನು ಬರೆದಿದ್ದೀರಿ ಎಂದು ಕೇಳಿದರೆ ಓದಿಲ್ಲವೆಂಬುದು ಬಯಲಾಗುತ್ತದೆ. ಪ್ರಕಾಶಕ ಪೇಪರ್‌ವೇಟನ್ನು ತಿರುಗಿಸುತ್ತ ಕೂತ. ಓದುಗರು ಒಬ್ಬೊಬ್ಬರು ಒಂದೊಂದು ಥರ ಎಂಬಂಥ ಯಾರಿಗೂ ನೋವಾಗದ ಮಾತೊಂದನ್ನು ಗೊಣಗಿದ. ಅತ್ತಿಗೆ ಅದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ರಾತ್ರಿಯೆಲ್ಲ ಯೋಚಿಸಿದ್ದಾಗಿ ಹೇಳಿದರು. ಗಂಡನನ್ನು ತಾನೇ ತಪ್ಪಾಗಿ ನೆನಪಿಟ್ಟುಕೊಂಡಿರಬಹುದು, ವಯಸ್ಸಾದ ಮೇಲೆ ಸಣ್ಣದೆಲ್ಲ ದೊಡ್ಡದಾಗಿ ಕಂಡಿರಬಹುದು. ಹೊರಗಿನವರಿಗೆ ಸುಖವಾಗಿ ಕಂಡದ್ದೇ ನಿಜವಿದ್ದರೂ ಇದ್ದೀತು. ದೊಡ್ಡ ಮುದ್ರಣ ಶುರುವಾಗುವ ಮೊದಲು ಕೊನೆಯ ಅಧ್ಯಾಯ ತೆಗೆದು ಬೇರೆ ಬರೆದುಕೊಡುತ್ತೇನೆ, ಪ್ರೂಫು ವಾಪಸು ಕೊಡು ಎಂದರು.

ಪ್ರೂಫು ತೆಗೆದುಕೊಂಡು ಅವರು ಮೆಟ್ಟಿಲಿಳಿದು ಹೋಗುವುದನ್ನು ಅವನು ಕಿಟಕಿಯಿಂದ ನೋಡಿದ. ಬೇರೆಯವರ ಅಕ್ಷರಗಳನ್ನು ಜೀವನವಿಡೀ ತಿದ್ದಿದ ಹೆಂಗಸು ಈಗ ತನ್ನ ಬಾಳನ್ನೇ ತಿದ್ದಲು ಹೊರಟಿದ್ದರು. ಇನ್ನು ಓದದೆ ಉಪಾಯವಿಲ್ಲವೆಂದು ಪ್ರತಿಯೊಂದನ್ನು ಹುಡುಕುತ್ತ ಬೀರು ತೆಗೆದ.

ಬೀರುವಿನಲ್ಲಿ ಅಚ್ಚಿನ ಮನೆಯ ಕಟ್ಟು ಹಾಗೇ ಕೂತಿತ್ತು, ಮೇಲಿನ ಅಂಟುಪಟ್ಟಿಯನ್ನೂ ಯಾರೂ ಕಿತ್ತಿರಲಿಲ್ಲ.

ಇವು ಇಲ್ಲಿದ್ದರೆ ತಾನು ಕಳಿಸಿದ್ದು ಯಾವುದು? ಮುಂಚಿನ ಪ್ರತಿಗಳು ಎರಡು ಕಟ್ಟು ಬಂದಿದ್ದವೇ? ಅಥವಾ ತಾನು ಕಳಿಸಿದ್ದೇ ಕನಸೇ? ಬೈಂಡರಿಗೆ ಫೋನು ಮಾಡಿ ಡಮ್ಮಿಗಳನ್ನು ನೀವು ಒಯ್ದಿರಾ ಎಂದು ಕೇಳಿದ. ಒಯ್ದಿಲ್ಲವಲ್ಲ ಸ್ವಾಮಿ, ನಿಮ್ಮ ಪಾರ್ಸೆಲ್ ಮೇಜಿನ ಮೇಲೇ ಇದ್ದವು ಎಂದ ಬೈಂಡರು. ಪ್ರಕಾಶಕ ಫೋನು ಇಡುವುದನ್ನೂ ಮರೆತು ಕುರ್ಚಿಯಲ್ಲಿ ಕುಸಿದ. ಬಿಳಿ ಹಾಳೆಗೆ ಐದು ನಕ್ಷತ್ರ. ಬಿಳಿ ಹಾಳೆ ಓದಿ ಅತ್ತವರು. ಆ ಕನ್ನಡಕದವನೊಬ್ಬನೇ ಪಾಪ ಪುಸ್ತಕ ತೆರೆದು ನೋಡಿದ್ದ.

ಮಗಳಿಗೆ ಹೇಳಿದಾಗ ಮೊದಲು ನಂಬಲಿಲ್ಲ. ಆಮೇಲೆ ಬಿದ್ದು ಬಿದ್ದು ನಕ್ಕಳು. ಆಮೇಲೆ ಮುಖ ಬಿಳುಚಿಕೊಂಡಿತು.

"ಅಪ್ಪಾ, ದಯವಿಟ್ಟು ಯಾರ ಹತ್ರಾನೂ ಬಾಯಿ ಬಿಡ್ಬೇಡ," ಎಂದಳು. "ಅವ್ರಂತೂ ಹೇಳಲ್ಲ, ಹೇಳಿದ್ರೆ ಅವ್ರದ್ದೇ ಮರ್ಯಾದೆ ಹೋಗತ್ತೆ. ಪುಸ್ತಕ ಕೇಳ್ತಿರೋರು ಮಾತ್ರ ನಿಜವಾದ ಜನ. ಅವ್ರ ಕೈಗೆ ಅಚ್ಚಾದ ಪುಸ್ತಕಾನೇ ಹೋಗತ್ತೆ, ಅವ್ರು ಓದ್ತಾರೆ. ದೊಡ್ಡಮ್ಮಂಗೆ ಬೇಕಾಗಿದ್ದೂ ಅದೇ ತಾನೆ?"

ಅವಳ ಮಾತಿನಲ್ಲಿ ಹುರುಳಿರಲಿಲ್ಲವೆಂದು ಹೇಳಲಾಗದು. ಹೇಳಿದರೆ ಅತ್ತಿಗೆಯ ಎದೆ ಒಡೆಯುತ್ತದೆ: ಹೊಗಳಿಕೆಯೆಲ್ಲ ಸುಳ್ಳು, ಒಬ್ಬರೂ ಓದಿಲ್ಲ. ಹೇಳದಿದ್ದರೆ ಆ ಸುಳ್ಳನ್ನೇ ನಂಬಿ ಅವರು ಪುಸ್ತಕವನ್ನು ಬದಲಿಸುತ್ತಾರೆ. ಕೊನೆಗೆ ಓದುವವರ ಕೈಗೆ ಹೋಗುವುದು ಮುಖಪುಟ ನೋಡಿ ಹೇಳಿದವರ ಕಥೆ. ಅಡಕತ್ತರಿಯಲ್ಲಿ ಸಿಕ್ಕಂತಾಯಿತು. ಒಂದು ಮನಸ್ಸು ಹೇಳು ಅಂದರೆ ಇನ್ನೊಂದು ತಡೆ ಅಂದಿತು. ಎರಡನೇ ಪ್ರೂಫು ಎಂಬ ಹೆಸರು ಅವನಿಗೆ ಸುಮ್ಮನೆ ಬಂದದ್ದಲ್ಲ. ಆದರೆ ಕಾಗದ ಬಂದಿತ್ತು, ಅಚ್ಚಿನ ಮನೆಯವರು ಕಾಯುತ್ತಿದ್ದರು. ಅತ್ತಿಗೆಯ ಕೈಯಲ್ಲಿ ಕೆಂಪು ಪೆನ್ನಿತ್ತು. ಅದು ನೆನಪಾದದ್ದೇ, ಬೀರುವಿನಿಂದ ಒಂದು ಪ್ರತಿ ತೆಗೆದು ಕಂಕುಳಲ್ಲಿಟ್ಟುಕೊಂಡು ಹೊರಟ.

ಎರಡು ಬೀದಿ ಆಚೆ ಅತ್ತಿಗೆಯ ಮನೆ. ದಾರಿಯುದ್ದಕ್ಕೂ ಹೇಗೆ ಶುರು ಮಾಡುವುದೆಂದು ಮಾತು ಕೂಡಿಸಿಕೊಂಡ. ಬಾಗಿಲು ತೆರೆದಾಗ ಎಲ್ಲ ಮರೆತುಹೋಯಿತು. ಊಟದ ಮೇಜಿನ ಮೇಲೆ ಪ್ರೂಫು ಹರಡಿತ್ತು. ಕೊನೆಯ ಅಧ್ಯಾಯದ ಮೊದಲ ಪುಟದ ಮೇಲೆ ಅಡ್ಡಡ್ಡ ಕೆಂಪು ಗೆರೆ ಬಿದ್ದಿತ್ತು. ಪಕ್ಕದ ಹಾಳೆಯಲ್ಲಿ ಹೊಸದಾಗಿ ನಾಲ್ಕು ಸಾಲು ಬರೆದು ಹೊಡೆದುಹಾಕಿದ್ದರು.

"ಸುಖವಾಗಿದ್ದೆ ಅಂತ ಬರೆಯೋದು ಇಷ್ಟು ಕಷ್ಟ ಅಂತ ಗೊತ್ತಿರ್ಲಿಲ್ಲ," ಎಂದರು ಅತ್ತಿಗೆ.

ಅವನು ನಿಂತುಕೊಂಡೇ ಎಲ್ಲವನ್ನೂ ಹೇಳಿದ. ಡಮ್ಮಿ, ಚೀಟಿ, ಮೇಜು, ತನ್ನ ಅವಸರ, ತೆರೆಯದೆ ಕಟ್ಟಿದ್ದು, ಬೀರುವಿನಲ್ಲಿದ್ದ ಕಟ್ಟು. ಅತ್ತಿಗೆ ನಡುವೆ ಬಾಯಿ ಹಾಕದೆ ಕೇಳಿದರು. ಕನ್ನಡಕದವನ ಮೌನದ ಮಾತು ಬಂದಾಗ ಮಾತ್ರ ತುಟಿಯ ಅಂಚಿನಲ್ಲಿ ಏನೋ ಅಲುಗಿದಂತಾಯಿತು.

"ಹಾಗಾದ್ರೆ ಯಾರೂ ಓದಿಲ್ಲ," ಎಂದರು.

"ಇಲ್ಲ ಅತ್ತಿಗೆ."

"ನೀನು?"

ಸುಳ್ಳು ಹೇಳುವುದಕ್ಕೆ ಇದಕ್ಕಿಂತ ಸುಲಭದ ಜಾಗವಿರಲಿಲ್ಲ. ಅವನು ಕಂಕುಳಲ್ಲಿದ್ದ ಪುಸ್ತಕವನ್ನು ಕೈಗೆ ತೆಗೆದುಕೊಂಡ.

"ನಾನೂ ಓದಿಲ್ಲ. ಧೈರ್ಯ ಬರ್ಲಿಲ್ಲ."

ಅತ್ತಿಗೆ ಅವನ ಕೈಯಿಂದ ಪುಸ್ತಕ ಇಸಿದುಕೊಂಡರು. ಮುಖಪುಟದ ಜೋಡಿ ಕುರ್ಚಿಗಳನ್ನು ಒಂದು ಗಳಿಗೆ ನೋಡಿದರು. ಆಮೇಲೆ ಕೊನೆಯ ಅಧ್ಯಾಯಕ್ಕೆ ತೆರೆದು, ಮೇಜಿನ ಮೇಲಿಟ್ಟು, ಎರಡೂ ಅಂಗೈಯಿಂದ ಒತ್ತಿದರು. ಬೆನ್ನು ಲಟ್ಟೆಂದು ಬಿರಿಯಿತು. ಪ್ರಕಾಶಕ ಬೆಚ್ಚಿಬಿದ್ದ.

"ಕೂತ್ಕೊಂಡು ಓದು," ಎಂದರು.

ಕೂತು ಓದಿದ. ಹಸ್ತಪ್ರತಿಗಳ ಬಗ್ಗೆ ಅತ್ತಿಗೆ ಹೇಳಿದ ಮಾತನ್ನೇ ಅಣ್ಣ ಲೇಖಕರ ಮುಂದೆ ತನ್ನದೆಂದು ಹೇಳುತ್ತಿದ್ದುದು ಅಲ್ಲಿತ್ತು. ಬೆನ್ನುಡಿಗಳನ್ನೆಲ್ಲ ಬರೆದವರು ಅತ್ತಿಗೆ. ಒಂದು ಪುಸ್ತಕಕ್ಕಾದರೂ ನನ್ನ ಹೆಸರು ಹಾಕಿ ಎಂದು ಕೇಳಿದ ದಿನ ಅಣ್ಣ ನಕ್ಕಿದ್ದು, ಮತ್ತೆ ಕೇಳಿದ ದಿನ ಪ್ರೂಫಿನ ಕಟ್ಟನ್ನು ಅವರ ಮುಖದ ಮೇಲೆ ಎಸೆದದ್ದು, ಅವರು ಬಗ್ಗಿ ಒಂದೊಂದೇ ಹಾಳೆ ಆಯ್ದು ಪುಟದ ಕ್ರಮಕ್ಕೆ ಜೋಡಿಸಿ ಮತ್ತೆ ತಿದ್ದಲು ಕೂತದ್ದು. ಬಯ್ಗುಳವಿರಲಿಲ್ಲ, ಗೋಳಿರಲಿಲ್ಲ. ನಡೆದದ್ದು ನಡೆದ ಹಾಗೆ ಇತ್ತು. ಪುಟ ತಿರುಗಿಸಿದಾಗ ಮೇಲಿನ ಸಾಲೇ ಕಣ್ಣಿಗೆ ಬಿತ್ತು.

'ನನ್ನ ಮೈದುನನಿಗೆ ಎಲ್ಲವೂ ಕೇಳಿಸುತ್ತಿತ್ತು. ಅವನು ಹಲಗೆಯ ಗೋಡೆಯಾಚೆ ಪಾರ್ಸೆಲ್ ಕಟ್ಟುತ್ತಿದ್ದ.'

ಅದೇ ಸಾಲನ್ನು ಮತ್ತೆ ಓದಿದ. ಹಾಳೆಗಳು ನೆಲಕ್ಕೆ ಬಿದ್ದ ಸದ್ದು ಅವನಿಗೆ ಅಂದು ಕೇಳಿಸಿತ್ತು. ಆಗ ಕೈಯಲ್ಲಿ ಹುರಿಯಿತ್ತು, ಅದನ್ನು ಇನ್ನಷ್ಟು ಬಿಗಿಯಾಗಿ ಎಳೆದಿದ್ದ. ಹಸ್ತಪ್ರತಿ ಕೈಗೆ ಬಂದ ದಿನದ ಆ ಅಳುಕು ಅಣ್ಣನ ಬಗ್ಗೆ ಏನು ಬರೆದಿದ್ದಾರೋ ಎಂಬುದಕ್ಕಲ್ಲ, ತನ್ನ ಬಗ್ಗೆ ಏನು ಬರೆದಿದ್ದಾರೋ ಎಂಬುದಕ್ಕೆ. ನಾಚಿಕೆಯಿಂದ ಅವನ ಕಿವಿ ಬಿಸಿಯಾಯಿತು.

"ಇಷ್ಟು ಜನ ಬೇರೆ ಹೇಳಿದ್ಮೇಲೆ ನಂಗೇ ಅನುಮಾನ ಬಂತು," ಎಂದರು ಅತ್ತಿಗೆ. "ನೀನು ಅಲ್ಲೇ ಇದ್ದೆ. ಇನ್ನು ಯಾರನ್ನ ಕೇಳ್ಲಿ? ಇದು ನಿಜವೋ, ನಾನು ಕಟ್ಟಿದ್ದೋ?"

ತಡೆಯಿರಿ, ಇನ್ನೊಂದು ಸಲ ನೋಡೋಣ ಎಂಬ ಮಾತು ಅವನ ನಾಲಿಗೆಯ ತುದಿಗೆ ಬಂದಿತ್ತು. ಅತ್ತಿಗೆ ಕೆಂಪು ಪೆನ್ನು ಹಿಡಿದುಕೊಂಡು ಅವನನ್ನೇ ನೋಡುತ್ತಿದ್ದರು.

"ನಿಜ," ಎಂದ. "ಹೀಗೇ ಇತ್ತು. ಇಷ್ಟೂ ನಂಗೆ ಕೇಳಿಸ್ತಿತ್ತು."

ಅತ್ತಿಗೆಯ ಕಣ್ಣು ತುಂಬಿತು. ಅದನ್ನು ಒರೆಸಿಕೊಳ್ಳದೆಯೇ ಕೆಂಪು ಗೆರೆ ಎಳೆದಿದ್ದ ಪುಟವನ್ನು ಮುಂದೆ ಎಳೆದುಕೊಂಡು, ಅಂಚಿನಲ್ಲಿ 'ಇದ್ದಂತೆಯೇ ಇರಲಿ' ಎಂದು ಬರೆದರು. ಪೆನ್ನನ್ನು ಅವನಿಗೆ ಕೊಟ್ಟರು. ಅವನು ಕೊನೆಯ ಹಾಳೆಯ ಮೇಲೆ 'ಅಚ್ಚಿಗೆ ಹೋಗಲಿ' ಎಂದು ಬರೆದು ರುಜು ಹಾಕಿದ. ಎರಡನೇ ಪ್ರೂಫು ಕೇಳಲಿಲ್ಲ.

ಐದು ನಕ್ಷತ್ರ ಕೊಟ್ಟವರಿಗೆ ಏನು ಹೇಳುವುದೆಂದು ಏಳುವಾಗ ಕೇಳಿದ. ಏನೂ ಹೇಳಬೇಕಾಗಿಲ್ಲ, ಬೀರುವಿನಲ್ಲಿರುವ ಅಚ್ಚಾದ ಪುಸ್ತಕ ಕಳಿಸಿದರಾಯಿತು, ಓದಿದರೆ ಅವರಿಗೇ ತಿಳಿಯುತ್ತದೆ ಎಂದರು ಅತ್ತಿಗೆ. ಇವತ್ತೇ ಕಟ್ಟಿ ಕಳಿಸುತ್ತೇನೆ ಎಂದು ಅವನು ಬಾಗಿಲತ್ತ ತಿರುಗಿದ.

"ನೀನು ಕಟ್ಟಬೇಡ," ಎಂದರು ಅತ್ತಿಗೆ, ಚಪ್ಪಲಿ ಮೆಟ್ಟಿಕೊಳ್ಳುತ್ತ. "ಈ ಸಲ ಪಾರ್ಸೆಲ್ ನಾನು ಕಟ್ತೀನಿ. ನೀನು ಕಚೇರೀಲಿ ಆ ಎದುರಿನ ಕುರ್ಚೀಲಿ ಕೂತ್ಕೊಂಡು ಉಳಿದಿದ್ದನ್ನ ಓದು."